ಎರಚಲು ಕಟ್ಟಿದ ಬಣ್ಣ

ಮುಂಬಯಿಗೆ ಮಳೆ ಪಡುವಣ ಕಡಲಿನಿಂದ ಬರುತ್ತದೆ. ನೆಟ್ಟಗೆ ಸುರಿಯುವ ಮಳೆಗಿಂತ, ಗಾಳಿಯ ಬೆನ್ನೇರಿ ಓರೆಯಾಗಿ ನುಗ್ಗುವ ಎರಚಲಿಗೆ ಇಲ್ಲಿಯ ಜನ ಹೆಚ್ಚು ಅಂಜುತ್ತಾರೆ. ಜೂನ್ ತಿಂಗಳು ಸಮೀಪಿಸುತ್ತಿದ್ದಂತೆ ಚಾಳುಗಳ ಮೊಗಸಾಲೆಗೆ ತಾಡಪತ್ರಿ ಕಟ್ಟುವ, ಕಿಟಕಿಗಳ ಮೇಲಿನ ತಗಡನ್ನು ಭದ್ರಪಡಿಸುವ ಕೆಲಸ ಕೊಲಾಬಾದಿಂದ ಕಲ್ಯಾಣದವರೆಗೂ ನಡೆಯುತ್ತದೆ. ಎರಚಲೆಂಬ ಈ ಹಳೆಯ ಮಾತಿಗೂ, ಆವಿಯಿಂದ ಬಣ್ಣವನ್ನು ಕಟ್ಟುವ ಈಚಿನ ವಿದ್ಯೆಯೊಂದಕ್ಕೂ ಸಂಬಂಧವಿದೆಯೆಂದರೆ ಒಮ್ಮೆಗೆ ನಂಬುವುದು ಕಷ್ಟ. ಆ ಸಂಬಂಧ ಹೊಳೆದದ್ದು ಪ್ರಯೋಗಾಲಯದಲ್ಲಲ್ಲ, ನಿಘಂಟಿನಲ್ಲೂ ಅಲ್ಲ; ಡೊಂಬಿವಲಿಯ ಒಂದು ಕನ್ನಡ ಮನೆಯ ಅಡುಗೆಕೋಣೆಯಲ್ಲಿ.

ಆ ಮನೆಯ ತಾಯಿ ಕುಮಟೆಯ ಕಡೆಯ ಹಳ್ಳಿಯವರು. ಮದುವೆಯಾಗಿ ಬಂದು ಮೂವತ್ತು ವರ್ಷ ಮೀರಿದ್ದರೂ ಅವರ ಮಾತಿನಲ್ಲಿ ಊರಿನ ತೇವ ಆರಿಲ್ಲ. ಮಗ ಪೂರ್ವ ಉಪನಗರದ ಒಂದು ಪ್ರಯೋಗಾಲಯದಲ್ಲಿ ಭೌತವಿಜ್ಞಾನದ ಸಂಶೋಧಕ. ಮಗಳು ಕಲೀನಾದ ವಿದ್ಯಾನಗರಿಯಲ್ಲಿ ಕನ್ನಡ ಎಂ.ಎ. ತರಗತಿಯ ವಿದ್ಯಾರ್ಥಿನಿ, ದಿನವೂ ಲೋಕಲ್ ಗಾಡಿಯಲ್ಲಿ ಕುರ್ಲಾದವರೆಗೆ ಬಂದು, ಅಲ್ಲಿಂದ ಬಸ್ಸು ಹಿಡಿಯುವವಳು. ಊರಿನ ಬಂಧುಗಳು ದೂರವಾಣಿಯಲ್ಲಿ ಮಾತಿಗೆ ಸಿಕ್ಕಾಗಲೆಲ್ಲ ಮಕ್ಕಳ ಓದನ್ನು ವಿಚಾರಿಸುತ್ತಾರೆ. ಮಗಳ ಬಗೆಗೆ ಹೇಳುವುದು ತಾಯಿಗೆ ಸುಲಭ: ಕನ್ನಡ ಓದುತ್ತಾಳೆ. ಮಗನ ಸರದಿ ಬಂದಾಗ ಮಾತು ತಡೆಯುತ್ತದೆ. ಒಂದು ಭಾನುವಾರ ಬೆಳಿಗ್ಗೆ ಅವರು ತೆಳ್ಳೇವು ಎರೆಯುತ್ತ ಕೇಳಿಯೇಬಿಟ್ಟರು:

“ತಮಾ, ನೀನು ಅಲ್ಲಿ ಎಂತ ಮಾಡೂದು ಅಂತ ಜನ ಕೇಳಿದ್ರೆ ನಾ ಎಂತ ಹೇಳ್ಲಿ?”

“ಪೋರಸ್ ಫೋಟಾನಿಕ್ ಕ್ರಿಸ್ಟಲ್ ಮಾಡ್ತ ಅಂತ ಹೇಳು ಆಯಿ. ಅದನ್ನ ಕನ್ನಡದಲ್ಲಿ ಹೇಳೂಕೆ ಬರೂದಿಲ್ಲ.”

ತಾಯಿ ಸುಮ್ಮನಾದರು. ಸುಮ್ಮನಾಗಲಾರದೆ ಹೋದವಳು ಮಗಳು. ಅಣ್ಣ ಆ ಮಾತನ್ನು ಅಹಂಕಾರದಿಂದ ಆಡಿರಲಿಲ್ಲ. ತಾನು ದಿನದ ಹತ್ತು ಗಂಟೆ ಮಾಡುವ ಕೆಲಸವನ್ನು ಹೆತ್ತ ತಾಯಿಗೆ ತಿಳಿಸಲಾರದ ದುಃಖ ಅವನಲ್ಲಿಯೂ ಇತ್ತು. ಆದರೆ ಕೆಲವು ಸೆಮಿಸ್ಟರುಗಳಿಂದ ಪಂಪನನ್ನೂ ಅಲ್ಲಮನನ್ನೂ ಓದುತ್ತ, ಕನ್ನಡಕ್ಕೆ ನಿಲುಕದ್ದು ಯಾವುದೂ ಇಲ್ಲವೆಂದು ಪ್ರಬಂಧಗಳಲ್ಲಿ ಬರೆಯುತ್ತ ಬಂದವಳಿಗೆ ಆ ಒಂದು ವಾಕ್ಯ ತನ್ನ ಓದನ್ನೇ ಪ್ರಶ್ನಿಸಿದಂತೆ ಕೇಳಿಸಿತು. ಮನೆಯೊಳಗೆ ಒಬ್ಬರ ಬದುಕನ್ನು ಇನ್ನೊಬ್ಬರಿಗೆ ತಿಳಿಸಲಾರದ ಭಾಷೆ ಗ್ರಂಥಗಳಲ್ಲಿ ಎಷ್ಟು ಸಂಪನ್ನವಾಗಿದ್ದರೇನು?

ಕನ್ನಡಕ್ಕೆ ಈ ಪ್ರಶ್ನೆ ಹೊಸದಲ್ಲ. ಬೆಳ್ಳಾವೆ ವೆಂಕಟನಾರಾಣಪ್ಪನವರೂ ನಂಗಪುರಂ ವೆಂಕಟೇಶ ಅಯ್ಯಂಗಾರರೂ ‘ವಿಜ್ಞಾನ’ ಮಾಸಪತ್ರಿಕೆಯನ್ನು ಆರಂಭಿಸಿದ್ದು 1918ರಲ್ಲಿ. ಶಿವರಾಮ ಕಾರಂತರು ‘ವಿಜ್ಞಾನ ಪ್ರಪಂಚ’ದ ಸಂಪುಟಗಳಿಗೆ ಕೈಹಾಕಿದಾಗಲೂ ಇದೇ ಸಂದೇಹವನ್ನು ಎದುರಿಸಬೇಕಾಗಿತ್ತು. ಮುಂಬಯಿಯ ಮಟ್ಟಿಗಂತೂ ಉತ್ತರ ಕಣ್ಣೆದುರಿನಲ್ಲಿಯೇ ಇದೆ. ಉತ್ತರ ಕನ್ನಡದ ಹನೇಹಳ್ಳಿಯಿಂದ ಬಂದ ಯಶವಂತ ಚಿತ್ತಾಲರು ಈ ನಗರದಲ್ಲಿ ಪ್ಲಾಸ್ಟಿಕ್ ತಂತ್ರಜ್ಞರಾಗಿ ದುಡಿಯುತ್ತಲೇ 1979ರಲ್ಲಿ ‘ಶಿಕಾರಿ’ಯನ್ನು ಕೊಟ್ಟರು. ರಸಾಯನ ಉದ್ಯಮದ ಒಳಜಗತ್ತು ಅಲ್ಲಿ ಕನ್ನಡದ ಅನುಭವವಾಗಿಯೇ ಬರುತ್ತದೆ. ಹೀಗಿರುವಾಗ ಅಣ್ಣನ ಕೆಲಸವೊಂದೇ ಏಕೆ ಹೊರಗುಳಿಯಬೇಕು? ಮೊದಲಿನಿಂದ ಎಲ್ಲವನ್ನೂ ತನಗೆ ವಿವರಿಸಬೇಕೆಂದು ತಂಗಿ ಹಟ ಹಿಡಿದಳು. ಪಾರಿಭಾಷಿಕ ಪದ ಬಂದಲ್ಲೆಲ್ಲ ತಡೆದು ನಿಲ್ಲಿಸುವುದಾಗಿಯೂ ಹೇಳಿದಳು. ಅವನು ಒಪ್ಪಿದ.

ಅವನು ಆರಂಭಿಸಿದ್ದು ಹಕ್ಕಿಯ ಗರಿಯಿಂದ. ಕರ್ನಾಟಕದ ರಾಜ್ಯಪಕ್ಷಿಯಾದ ನೀಲಕಂಠದ ರೆಕ್ಕೆಯಲ್ಲಿ ನೀಲಿಯ ಬಣ್ಣದ ಪುಡಿಯೇ ಇಲ್ಲ. ಆ ಗರಿಯನ್ನು ಅರೆದು ನುಣ್ಣಗೆ ಮಾಡಿದರೆ ನೀಲಿ ಉಳಿಯುವುದಿಲ್ಲ. ಅರಿಸಿನವನ್ನು ಎಷ್ಟು ಕುಟ್ಟಿದರೂ ಹಳದಿ ಹೋಗದು; ಅದು ದ್ರವ್ಯದ ಬಣ್ಣ. ನೀಲಕಂಠದ ನೀಲಿ ರಚನೆಯ ಬಣ್ಣ. ಗರಿಯ ಎಳೆಯೊಳಗೆ ಉಗುರಿನಲ್ಲಿರುವಂತಹ ಕೆರಾಟಿನ್ ವಸ್ತು ಸ್ಪಂಜಿನಂತೆ ಹೆಣೆದುಕೊಂಡಿದ್ದು, ನಡುನಡುವೆ ಗಾಳಿ ತುಂಬಿದ ಅತಿಸೂಕ್ಷ್ಮ ಗೂಡುಗಳಿವೆ. ಘನವೂ ಗಾಳಿಯೂ ಒಂದು ಅಳತೆಯಲ್ಲಿ ಸರದಿಯಾಗಿ ಬರುವುದರಿಂದ ಬೆಳಕಿನ ಒಂದು ಪಾಲು ಮಾತ್ರ ಬಲವಾಗಿ ಹಿಂದಿರುಗುತ್ತದೆ. ಬೆಂಗಳೂರಿನಲ್ಲಿದ್ದ ಸಿ.ವಿ. ರಾಮನ್ನರು 1934ರಲ್ಲಿ ಈ ಹಕ್ಕಿಯ ಗರಿಗಳನ್ನೇ ಪರೀಕ್ಷಿಸಿ, ಹಕ್ಕಿಗಳ ಬಣ್ಣದ ಮೂಲವನ್ನು ಕುರಿತು ಲೇಖನವೊಂದನ್ನು ಪ್ರಕಟಿಸಿದ್ದರು. ಬಣ್ಣಗಳು ಹೊರಳುವ ಚಿಪ್ಪುಗಳು, ಓಪಲ್ ಕಲ್ಲುಗಳು ಕೂಡ ಅವರ ಬಹುಕಾಲದ ಆಸಕ್ತಿಗಳಾಗಿದ್ದವು. ಓಪಲ್ಲಿನೊಳಗೆ ಒಂದೇ ಗಾತ್ರದ ಸಿಲಿಕಾ ಗೋಲಿಗಳು ಸಾಲುಸಾಲಾಗಿ ಪೇರಿಕೊಂಡಿರುವುದನ್ನು ಆಸ್ಟ್ರೇಲಿಯದ ವಿಜ್ಞಾನಿಗಳು 1964ರಲ್ಲಿ ಎಲೆಕ್ಟ್ರಾನ್ ಸೂಕ್ಷ್ಮದರ್ಶಕದ ನೆರವಿನಿಂದ ತೋರಿಸಿಕೊಟ್ಟರು.

ಇದರ ಗಣಿತ ಇನ್ನೂ ಹಳೆಯದು. ಎರಡು ಬಗೆಯ ಪದರಗಳು ಒಂದರ ಮೇಲೊಂದು ಸರದಿಯಲ್ಲಿ ಬಂದರೆ ಕೆಲವು ತರಂಗಗಳಿಗೆ ಅದರೊಳಗೆ ದಾರಿಯೇ ಇರುವುದಿಲ್ಲವೆಂದು ಲಾರ್ಡ್ ರ್‍ಯಾಲೆ 1887ರಲ್ಲಿ ವಿವರಿಸಿದ್ದ. ಸರಿಯಾಗಿ ನೂರು ವರ್ಷಗಳ ಬಳಿಕ, 1987ರಲ್ಲಿ, ಎಲೈ ಯಾಬ್ಲೊನೊವಿಚ್ ಮತ್ತು ಭಾರತ ಮೂಲದ ಸಜೀವ್ ಜಾನ್ ಬೇರೆಬೇರೆಯಾಗಿ ಈ ವಿಚಾರವನ್ನು ಮೂರೂ ದಿಕ್ಕುಗಳಿಗೆ ವಿಸ್ತರಿಸಿದರು. ಹರಳಿನಲ್ಲಿ ಪರಮಾಣುಗಳು ಕ್ರಮವಾಗಿ ನಿಂತು ಎಲೆಕ್ಟ್ರಾನುಗಳ ನಡೆಯನ್ನು ನಿಯಮಿಸುವಂತೆ, ಬೆಳಕಿನ ನಡೆಯನ್ನು ನಿಯಮಿಸುವ ಕೃತಕ ರಚನೆಯನ್ನು ಕಟ್ಟಬಹುದೆಂಬುದು ಅವರ ಆಲೋಚನೆ. ಇಂತಹ ರಚನೆಗೇ ಫೋಟಾನಿಕ್ ಕ್ರಿಸ್ಟಲ್ ಎಂದು ಹೆಸರಾಯಿತು. ತಂಗಿ ಇಲ್ಲಿ ತಡೆದಳು. ‘ದ್ಯುತಿಸ್ಫಟಿಕ’ವೆಂಬ ಪದ ಅವಳಿಗೆ ಕೂಡಲೇ ತೋಚಿತು. ಪದ ಶುದ್ಧವಾಗಿತ್ತು, ಆದರೆ ಒಲೆಯ ಮುಂದಿನ ತಾಯಿಗೆ ಅದರಿಂದ ಏನೂ ತಿಳಿಯಲಿಲ್ಲ. “ಬೆಳಕಿನ ಹರಳು ಅಂದ್ರೆ ಆಗ್ತಿಲ್ಯ?” ಎಂದು ಅವರೇ ಕೇಳಿದರು. ಹರಳು ಎಂಬ ಮಾತು ಉಂಗುರದಲ್ಲಿಯೂ ಇದೆ, ಕಲ್ಲುಪ್ಪಿನಲ್ಲಿಯೂ ಇದೆ. ಬೆಳಕಿನ ಹರಳು ಆ ದಿನವೇ ಆ ಮನೆಯ ಮಾತಾಯಿತು.

ಇನ್ನು ಕಟ್ಟುವ ಬಗೆ. ಉಕ್ಕಿನ ದೊಡ್ಡ ಪಾತ್ರೆಯೊಂದರಿಂದ ಗಾಳಿಯನ್ನು ಪಂಪುಗಳ ಮೂಲಕ ಹೊರತೆಗೆಯುತ್ತಾರೆ. ಒಳಗಿನ ಒತ್ತಡ ಹೊರಗಿನದರ ಕೋಟಿಯಲ್ಲೊಂದು ಪಾಲಿಗಿಂತಲೂ ಕಡಿಮೆಯಾಗಬೇಕು. ತಳದಲ್ಲಿ ಮೂಸೆಯಂತಹ ಪುಟ್ಟ ಕುಳಿ. ಅದರಲ್ಲಿ ಟೈಟಾನಿಯಂ ಡೈಆಕ್ಸೈಡನ್ನೋ ಸಿಲಿಕಾವನ್ನೋ ಇಟ್ಟು, ಎಲೆಕ್ಟ್ರಾನ್ ಕಿರಣದಿಂದ ಕಾಯಿಸಿದರೆ ಅದು ಆವಿಯಾಗಿ ಮೇಲೇಳುತ್ತದೆ. ಗಾಳಿಯ ಅಡ್ಡಿಯಿಲ್ಲದ ಕಾರಣ ಆವಿಯ ಅಣುಗಳು ಎಲ್ಲಿಯೂ ಚದುರದೆ ನೇರ ಗೆರೆಯಲ್ಲಿ ಸಾಗಿ, ಮೇಲೆ ಹಿಡಿದ ಗಾಜಿನ ಮೇಲೆ ಹೆಪ್ಪುಗಟ್ಟುತ್ತವೆ. ಕನ್ನಡಕದ ಗಾಜಿಗೆ ಪ್ರತಿಫಲನ ತಡೆಯುವ ಲೇಪವನ್ನು ಕೊಡುವ ರೀತಿಯೂ ಸುಮಾರಾಗಿ ಇದೇ. ಗಾಜು ಆವಿಗೆ ಎದುರಾಗಿದ್ದರೆ ಪದರ ಬಹುಮಟ್ಟಿಗೆ ಗಟ್ಟಿಯಾಗಿ ಕೂರುತ್ತದೆ. ಅದೇ ಗಾಜನ್ನು ಎಂಬತ್ತು ಡಿಗ್ರಿಗೂ ಮೀರಿ ಓರೆಗೊಳಿಸಿ, ಆವಿ ಅದರ ಮೈಯನ್ನು ಸವರಿಕೊಂಡು ಹೋಗುವಂತೆ ಮಾಡಿದರೆ ಪದರದ ತುಂಬ ರಂಧ್ರಗಳಾಗುತ್ತವೆ.

“ತೆಳ್ಳೇವಿಗೆ ಕಣ್ಣು ಬಿದ್ದಾಂಗೆ,” ಎಂದರು ತಾಯಿ.

ಮಗ ನಕ್ಕು, ಹಾಗಲ್ಲವೆಂದ. ಕಾವಲಿಯ ಮೇಲಿನ ಹಿಟ್ಟಿನಲ್ಲಿ ಕಣ್ಣು ಬೀಳುವುದು ಒಳಗಿನ ಆವಿ ಹೊರಗೆ ಹಾರುವುದರಿಂದ. ಇಲ್ಲಿ ರಂಧ್ರವಾಗುವುದು ಹೊರಗಿನ ಆವಿ ಒಳಗೆ ಬಂದು ಸೇರಲಾರದೆ ಹೋಗುವುದರಿಂದ. ಮೊದಲು ಬಂದ ಅಣುಗಳು ಗಾಜಿನ ಮೇಲೆ ಅಲ್ಲಲ್ಲಿ ಸಣ್ಣ ದಿಬ್ಬಗಳಾಗುತ್ತವೆ. ಓರೆಯಾಗಿ ಬರುವ ಆವಿಗೆ ಪ್ರತಿಯೊಂದು ದಿಬ್ಬವೂ ಅಡ್ಡ ನಿಲ್ಲುತ್ತದೆ. ದಿಬ್ಬದ ನೆತ್ತಿಗೆ ಆವಿ ಸಿಗುತ್ತದೆ, ಬೆನ್ನ ಹಿಂದಿನ ನೆಲಕ್ಕೆ ಸಿಗುವುದಿಲ್ಲ. ಹೀಗೆ ದಿಬ್ಬ ಕಂಬವಾಗುತ್ತದೆ, ಕಂಬದ ಹಿಂದಿನ ಬಯಲು ಬಯಲಾಗಿಯೇ ಉಳಿಯುತ್ತದೆ. ಇದಕ್ಕೆ ‘ಶ್ಯಾಡೋಯಿಂಗ್’ ಎನ್ನುತ್ತಾರೆ, ಕನ್ನಡದಲ್ಲಿ ಏನೆನ್ನಬೇಕೋ ತಿಳಿಯದು ಎಂದು ಅವನು ನಿಲ್ಲಿಸಿದ.

ತಾಯಿ ಸೌಟನ್ನು ಹಿಡಿದುಕೊಂಡೇ ಕಿಟಕಿಯ ಕಡೆಗೆ ನೋಡಿದರು. “ಎರಚಲು ಹೊಡೀವಾಗ ಜಗಲಿ ಕಂಬದ ಹಿಂದೆ ಒಣಾ ಇರ್ತು ಅಲ್ದಾ? ಅದೇ ಇದು.”

ಅದೇ ಅದು. ಅಣ್ಣನೂ ತಂಗಿಯೂ ಒಂದು ಕ್ಷಣ ಮಾತಾಡಲಿಲ್ಲ. ಕಂಬದ ಪಡುವಣ ಮೈಯೆಲ್ಲ ತೊಯ್ದು, ಮೂಡಣ ಪಕ್ಕದ ನೆಲ ಗೇಣಗಲ ಒಣಗಿರುವುದನ್ನು ಕರಾವಳಿಯ ಪ್ರತಿಯೊಬ್ಬರೂ ಬಾಲ್ಯದಿಂದ ಕಂಡಿದ್ದಾರೆ. ಆವಿಯ ಎರಚಲು, ಕಂಬದ ಮರೆ: ಈ ಎರಡು ಮಾತುಗಳಲ್ಲಿ ಆ ವಿದ್ಯೆಯ ಮರ್ಮವೆಲ್ಲ ಅಡಗಿದೆ. ‘ಸರಂಧ್ರ’, ‘ಛಾಯಾಪರಿಣಾಮ’ ಎಂಬ ಪದಗಳನ್ನು ತಂಗಿ ಆಗಲೇ ಟಿಪ್ಪಣಿ ಪುಸ್ತಕದಲ್ಲಿ ಬರೆದುಕೊಂಡಿದ್ದಳು. ಅವನ್ನು ಅವಳು ಹೊಡೆದುಹಾಕಲಿಲ್ಲ, ಪಕ್ಕದಲ್ಲಿ ತಾಯಿಯ ಮಾತುಗಳನ್ನೂ ಬರೆದಳು.

ಆಮೇಲೆ ವಿವರಣೆ ಸಲೀಸಾಗಿ ಸಾಗಿತು. ಎರಚಲು ಬೀಳುತ್ತಿರುವಾಗಲೇ ಗಾಜನ್ನು ತಿರುಗಿಸಿದರೆ ಕಂಬಗಳು ಆವಿಯ ಕಡೆಗೆ ವಾಲದೆ ನೆಟ್ಟಗೆ ಏಳುತ್ತವೆ. ನಿಧಾನವಾಗಿ ತಿರುಗಿಸಿದರೆ ಸುರುಳಿಯಾಗಿ ಬೆಳೆಯುತ್ತವೆ. 1959ರಲ್ಲಿಯೇ ಯಂಗ್ ಮತ್ತು ಕೋವಾಲ್ ಎಂಬವರು ತಿರುಗುವ ಗಾಜಿನ ಮೇಲೆ ಫ್ಲೋರೈಟಿನ ಇಂತಹ ಪದರವನ್ನು ಬೆಳೆಸಿದ್ದರು. ಬಹುಕಾಲ ಮರೆತುಹೋಗಿದ್ದ ಆ ದಾರಿಯನ್ನು 1990ರ ದಶಕದಲ್ಲಿ ಕೆನಡಾದ ಆಲ್ಬರ್ಟಾ ವಿಶ್ವವಿದ್ಯಾಲಯದ ಕೆವಿನ್ ರಾಬಿ ಮತ್ತು ಮೈಕೇಲ್ ಬ್ರೆಟ್ ಮತ್ತೆ ತೆರೆದು ಬೆಳೆಸಿದರು. 2001ರಲ್ಲಿ ಟೊರಾಂಟೊದ ಓವಿಡಿಯು ಟೋಡರ್ ಮತ್ತು ಸಜೀವ್ ಜಾನ್, ಚೌಕಾಕಾರದ ಸುರುಳಿಗಂಬಗಳಿಂದ ಮೂರು ದಿಕ್ಕಿನ ಬೆಳಕಿನ ಹರಳನ್ನೇ ಕಟ್ಟಬಹುದೆಂದು ಸೂಚಿಸಿದರು.

ಮುಂಬಯಿಯೂ ಈ ವಿದ್ಯೆಗೆ ಹೊರತಲ್ಲ. ಟ್ರಾಂಬೆಯ ಬೆಟ್ಟ ಮತ್ತು ಕೊಲ್ಲಿಯ ನಡುವಿನ ಭಾಭಾ ಅಣು ಸಂಶೋಧನ ಕೇಂದ್ರದಲ್ಲಿ ಬೆಳಕಿನ ಉಪಕರಣಗಳಿಗೆ ಬೇಕಾದ ಬಹುಪದರ ಲೇಪಗಳ ಸಂಶೋಧನೆ ಬಹುಕಾಲದಿಂದ ನಡೆದಿದೆ. ಹಾಫ್ನಿಯಂ ಆಕ್ಸೈಡ್, ಜಿರ್ಕೋನಿಯಂ ಆಕ್ಸೈಡುಗಳ ಆವಿಯನ್ನು ಓರೆಯಾಗಿ ಬೀಳಿಸಿ ಬೆಳೆಸಿದ ಪದರಗಳನ್ನು ಕುರಿತು ಅಲ್ಲಿಯ ವಿಜ್ಞಾನಿಗಳು ಲೇಖನಗಳನ್ನು ಪ್ರಕಟಿಸಿದ್ದಾರೆ.

ಒಂದೇ ವಸ್ತುವಿನಿಂದ ಎರಡು ಬಗೆಯ ಪದರಗಳನ್ನು ಪಡೆಯಬಹುದೆಂಬುದು ಈ ಕ್ರಮದ ದೊಡ್ಡ ಲಾಭ. ಬೆಳಕನ್ನು ವಸ್ತು ಎಷ್ಟು ನಿಧಾನಗೊಳಿಸುತ್ತದೆಂಬುದನ್ನು ತಿಳಿಸುವ ಅಂಕೆಗೆ ವಕ್ರೀಭವನಾಂಕವೆನ್ನುತ್ತಾರೆ. ಗಾಳಿಗೆ ಅದು 1, ನೀರಿಗೆ 1.33. ಟೈಟಾನಿಯಂ ಡೈಆಕ್ಸೈಡಿನ ಗಟ್ಟಿ ಪದರಕ್ಕೆ ಅದು 2.2 ಎಂದಿಟ್ಟುಕೊಳ್ಳೋಣ. ಎರಚಲಿನಲ್ಲಿ ಬೆಳೆದು ಅರ್ಧದಷ್ಟು ಬಯಲೇ ಆಗಿರುವ ಪದರಕ್ಕೆ 1.6ರ ಆಸುಪಾಸು ಬರುತ್ತದೆ. ಸಿಲಿಕಾದ ಸಹಜ ಅಂಕೆ 1.46, ಅದನ್ನು ಎರಚಲಿನ ಕಡ್ಡಿಗಳಾಗಿ ಬೆಳೆಸಿ 1.05ಕ್ಕೆ, ಅಂದರೆ ಹೆಚ್ಚುಕಡಿಮೆ ಗಾಳಿಯ ಮಟ್ಟಕ್ಕೆ ಇಳಿಸಿದ್ದನ್ನು ಅಮೆರಿಕದ ರೆನ್ಸೆಲರ್ ಸಂಸ್ಥೆಯ ಸಂಶೋಧಕರು 2007ರಲ್ಲಿ ವರದಿ ಮಾಡಿದರು. ಈಗ 61 ನ್ಯಾನೋಮೀಟರ್ ದಪ್ಪದ ಗಟ್ಟಿ ಪದರ, ಅದರ ಮೇಲೆ 84 ನ್ಯಾನೋಮೀಟರಿನ ಬಯಲು ಪದರ, ಹೀಗೆ ಹತ್ತು ಜೋಡಿಗಳನ್ನು ಪೇರಿಸಿದರೆ ಸುಮಾರು 540 ನ್ಯಾನೋಮೀಟರ್ ತರಂಗದೂರದ ಹಸಿರು ಬೆಳಕು ಅಲ್ಲಿಂದ ಹಿಂದಿರುಗುತ್ತದೆ. ಒಟ್ಟು ದಪ್ಪ ತಲೆಗೂದಲಿನ ಐವತ್ತರಲ್ಲೊಂದು ಪಾಲು. ಬಳಸಿದ ವಸ್ತು ಬಿಳಿಯ ಬಣ್ಣಕ್ಕೆ ಹಾಕುವ ಸಾಮಾನ್ಯ ಪುಡಿ. ಆದರೂ ಗಾಜು ಗಿಳಿಯ ರೆಕ್ಕೆಯಂತೆ ಹೊಳೆಯುತ್ತದೆ.

ಇಷ್ಟನ್ನು ಹೇಳಿದ ಅಣ್ಣ ತನ್ನ ಕಷ್ಟವನ್ನೂ ಹೇಳಿಕೊಂಡ. ಫೆಬ್ರವರಿಯಲ್ಲಿ ಮಾಡಿದ ಪದರದ ಬಣ್ಣ ಜುಲೈಯಲ್ಲಿ ಅದೇ ಆಗಿರುವುದಿಲ್ಲ. ಬಯಲು ಬಯಲಾಗಿಯೇ ಉಳಿಯುವುದು ನಿರ್ವಾತದ ಪಾತ್ರೆಯಲ್ಲಿ. ಹೊರಗೆ ತೆಗೆದೊಡನೆ ಮುಂಬಯಿಯ ತೇವ ಅದರೊಳಗೆ ಸೇರುತ್ತದೆ. ಸೂಕ್ಷ್ಮವಾದ ರಂಧ್ರಗಳಲ್ಲಿ ನೀರಿನ ಆವಿ ಗಾಳಿ ಪೂರ್ತಿಯಾಗಿ ತೇವದಿಂದ ತುಂಬುವ ಮೊದಲೇ ಹನಿಗಟ್ಟುತ್ತದೆಂಬುದು 19ನೆಯ ಶತಮಾನದಲ್ಲಿ ಕೆಲ್ವಿನ್ ತಿಳಿಸಿದ ಸಂಗತಿ. ಗಾಳಿಯಿದ್ದ ಎಡೆಯೆಲ್ಲ ನೀರಾದರೆ 1.6 ಇದ್ದದ್ದು 1.77ರ ಹತ್ತಿರಕ್ಕೆ ಏರುತ್ತದೆ. 540ರ ಹಸಿರು 566ಕ್ಕೆ, ಹಳದಿಯ ಕಡೆಗೆ, ಸರಿಯುತ್ತದೆ. ಬದಲಾಗದ ಬಣ್ಣವನ್ನು ಪಡೆಯಬೇಕೆಂದು ಅವನು ಎರಡು ಮಳೆಗಾಲಗಳನ್ನು ಕಳೆದಿದ್ದ. ಅಳತೆಗಳು ಒಂದು ದಿನದಂತೆ ಇನ್ನೊಂದು ದಿನ ಬರುತ್ತಿರಲಿಲ್ಲ. ತನ್ನ ಕೈಯಲ್ಲಿಯೇ ದೋಷವಿದೆಯೆಂದು ಅವನು ನಂಬತೊಡಗಿದ್ದ.

ಆದರೆ ಇದು ಅವನೊಬ್ಬನ ಕಥೆಯಾಗಿರಲಿಲ್ಲ. ಬಾಷ್ಪದಿಂದ ಲೇಪ ಮಾಡುವವರಿಗೆಲ್ಲ ರಂಧ್ರಗಳು ದೀರ್ಘಕಾಲ ಶತ್ರುಗಳಾಗಿದ್ದವು. ತೇವವಿರುವ ದಿನ ಸೋಸುಗಾಜುಗಳ ಬಣ್ಣ ಜಾರುವುದು ಎಲ್ಲರೂ ಬಲ್ಲ ದೋಷವಾಗಿತ್ತು. 1980ರ ದಶಕದಲ್ಲಿ ಬೆಳೆದ, ಅಯಾನುಗಳಿಂದ ಪದರವನ್ನು ಬಡಿದು ದಟ್ಟಗೊಳಿಸುವ ತಂತ್ರದ ಉದ್ದೇಶಗಳಲ್ಲೊಂದು ಈ ರಂಧ್ರಗಳನ್ನು ಮುಚ್ಚುವುದೇ. ಆಮೇಲೆ ಕೆಲವರು ಪ್ರಶ್ನೆಯನ್ನೇ ತಿರುಗಿಸಿದರು: ತೇವ ಬಂದಾಗ ಬಣ್ಣ ಬದಲಾಗುವುದಾದರೆ, ಬಣ್ಣವನ್ನು ನೋಡಿ ತೇವವನ್ನು ಅಳೆಯಬಾರದೇಕೆ? ನೀರಿನ ಆವಿಯಂತೆ ಮದ್ಯಸಾರದ ಆವಿಯನ್ನೂ ಇತರ ದ್ರಾವಕಗಳ ಆವಿಯನ್ನೂ ಹೀಗೆ ಕಂಡುಹಿಡಿಯಬಹುದಲ್ಲವೇ? ಅಂದಿನಿಂದ ರಂಧ್ರವನ್ನು ಮುಚ್ಚುವ ವಿದ್ಯೆಯ ಪಕ್ಕದಲ್ಲಿಯೇ ರಂಧ್ರವನ್ನು ಬೇಕೆಂದೇ ಬೆಳೆಸುವ ವಿದ್ಯೆಯೂ ನಿಂತಿದೆ. ವಸ್ತು ಅದೇ, ದೋಷವೂ ಅದೇ. ಅದರಿಂದ ಕೇಳುವ ಕೆಲಸ ಮಾತ್ರ ಬೇರೆ. ಅಣ್ಣನಿಗೆ ಇದು ಓದಿ ತಿಳಿದಿತ್ತು. ತನ್ನ ಎರಡು ಮಳೆಗಾಲಗಳು ವ್ಯರ್ಥವಾಗಿರಲಿಕ್ಕಿಲ್ಲವೆಂಬುದು ಮಾತ್ರ ಈ ಮಾತುಗಳನ್ನು ತಾಯಿಯೆದುರು ಆಡುವಾಗಲೇ ಅವನಿಗೆ ಮನದಟ್ಟಾದಂತೆ ಕಂಡಿತು.

ತಂಗಿಗೆ ಆ ರಾತ್ರಿ ಬೇರೊಂದು ಉತ್ಸಾಹ ಹುಟ್ಟಿತು. ಬಣ್ಣವನ್ನು ಕಟ್ಟಿದ್ದು ಬಯಲೇ ಆಗಿರುವುದರಿಂದ ಇದು ಅಲ್ಲಮನ ಬಯಲು, ಶರಣರ ಶೂನ್ಯ ಎಂದು ಅವಳು ಲೇಖನವೊಂದನ್ನು ಆರಂಭಿಸಿದಳು. ಅಣ್ಣ ಅದನ್ನು ಓದಿ, ಈ ಬಯಲಿಗೆ ಅಳತೆಯಿದೆ, ಅದರಲ್ಲಿ ನೀರು ತುಂಬುತ್ತದೆ, ಅಲ್ಲಮನ ಬಯಲಿನಲ್ಲಿ ತುಂಬುತ್ತದೆಯೇ ಎಂದು ಕೇಳಿದ. ಅವಳು ಹಾಳೆಯನ್ನು ಮಡಚಿಟ್ಟಳು. ಸಮಾನ ಶಬ್ದ ಕಂಡಲ್ಲೆಲ್ಲ ಸಮಾನ ದರ್ಶನವನ್ನು ಕಾಣುವ ಅಭ್ಯಾಸ ನಮ್ಮ ವಿಮರ್ಶೆಗೆ ಹೊಸದಲ್ಲ. ವಿಜ್ಞಾನಕ್ಕೆ ಕನ್ನಡ ಬೇಕಾಗಿರುವುದು ಅದನ್ನು ವೇದಾಂತವಾಗಿಸುವುದಕ್ಕಲ್ಲ, ಇದ್ದದ್ದನ್ನು ಇದ್ದಂತೆ ಹೇಳುವುದಕ್ಕೆ.

ಆದರೂ ಈ ಪ್ರಸಂಗದಿಂದ ಮುಂಬಯಿಯ ಕನ್ನಡಕ್ಕೆ ದೊರೆಯುವ ಒಂದು ತಿಳಿವಳಿಕೆಯನ್ನು ಬಿಡುವಂತಿಲ್ಲ. ಇಲ್ಲಿಯ ಕನ್ನಡ ಗಟ್ಟಿ ಪದರವಲ್ಲ. ಮರಾಠಿ, ತುಳು, ಕೊಂಕಣಿ, ಹಿಂದಿ, ಗುಜರಾತಿಗಳ ತೇವ ಅದರ ಸಂದುಸಂದುಗಳಲ್ಲಿ ಸೇರಿದೆ. ಋತು ಬದಲಾದಂತೆ ಅದರ ಬಣ್ಣ ಸರಿಯುತ್ತದೆ. ಇದನ್ನು ದೋಷವೆಂದು ಬಗೆದು ರಂಧ್ರಗಳನ್ನೆಲ್ಲ ಮುಚ್ಚಬೇಕೆನ್ನುವವರು ಇದ್ದಾರೆ. ಅವರ ಆತಂಕ ಸುಳ್ಳಲ್ಲ, ಕಂಬಗಳೇ ಕರಗಿದರೆ ಬಣ್ಣವೂ ಉಳಿಯದು. ಆದರೆ ಸುತ್ತಣ ಗಾಳಿಯ ಬದಲಾವಣೆಯನ್ನು ಮೊದಲು ತಿಳಿಸುವುದು ಇಂತಹ ಪದರವೇ. ಅಂದು ಬೇಕಾದ ಮಾತನ್ನು ಕೊಟ್ಟದ್ದೂ ಪಾರಿಭಾಷಿಕ ಪದಕೋಶವಲ್ಲ, ಮೂವತ್ತು ವರ್ಷ ಪರಸ್ಥಳದಲ್ಲಿದ್ದೂ ಊರಿನ ಮಳೆಯನ್ನು ಮರೆಯದ ಒಬ್ಬ ಗೃಹಿಣಿಯ ನೆನಪು. ಹೋಲಿಕೆಯನ್ನು ಇದಕ್ಕಿಂತ ಮುಂದಕ್ಕೆ ಎಳೆಯುವುದು ಸಲ್ಲದು.

ಎರಡು ವಾರಗಳ ಬಳಿಕ ಕುಮಟೆಯಿಂದ ದೂರವಾಣಿ ಬಂತು. ಹೊರಗೆ ಮೊದಲ ಮಳೆ ಓರೆಯಾಗಿ ಹೊಡೆಯುತ್ತಿತ್ತು. ಮಕ್ಕಳಿಬ್ಬರೂ ತಾಡಪತ್ರಿಯ ತುದಿಯನ್ನು ಕಿಟಕಿಯ ಸರಳಿಗೆ ಬಿಗಿಯುತ್ತಿದ್ದರು. ಒಳಗಿನಿಂದ ತಾಯಿಯ ಧ್ವನಿ ಕೇಳಿಸಿತು:

“ತಮ ಬೆಳಕಿನ ಹರಳು ಮಾಡ್ತ. ಆವಿ ಎರಚಲು ಹೊಡ್ಸಿ ಗಾಜಿನ ಮೇಲೆ ಕಂಬ ಬೆಳೆಸೂದು. ಬಣ್ಣ ಹಚ್ಚೂದೇ ಇಲ್ಲ, ಆದ್ರೂ ಬಣ್ಣ ಬರ್ತು. ಮಳೆ ಬಂದ್ರೆ ಆ ಬಣ್ಣ ಬದಲಾಗ್ತಡ.”

ಅತ್ತಣಿಂದ ಏನನ್ನೋ ಕೇಳಿರಬೇಕು. ತಾಯಿ ತುಸು ಯೋಚಿಸಿ, “ಹೌದು, ನೀಲಕಂಠನ ರೆಕ್ಕೆ ಇದ್ದಾಂಗೆ,” ಎಂದರು.